ಆಗಸ್ಟ್ ತಿಂಗಳ ಮತಪತ್ರ: ಅಮೆರಿಕದ ಪ್ರೈಮರಿಗೆ ಮೊದಲ ಸಲ ಹೋಗುವವರಿಗೆ

ಕರ್ನಾಟಕದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಮೊದಲು ಕಾವೇರುವುದು ಟಿಕೆಟ್ ವಿಚಾರ. ಬೆಂಗಳೂರಿನಿಂದ ದೆಹಲಿಗೆ ಓಡಾಟ, ಹೈಕಮಾಂಡ್ ಬಾಗಿಲಲ್ಲಿ ಕಾಯುವುದು, ಕೊನೇ ಗಳಿಗೆಯಲ್ಲಿ ಕೈಬದಲಾಗುವ ಬಿ ಫಾರಂ. ಇದ್ಯಾವುದರಲ್ಲೂ ಮತದಾರರ ಮಾತು ನಡೆಯುವುದಿಲ್ಲ. ಪಟ್ಟಿ ಹೊರಬಿದ್ದ ಮೇಲೆ ಓದಿ ತಿಳಿಯುವುದಷ್ಟೇ ನಮ್ಮ ಪಾಲು. ಅಮೆರಿಕದಲ್ಲಿ ಆ ಟಿಕೆಟ್ ಕೊಡುವವರು ಮತದಾರರೇ. ಯಾವ ಪಕ್ಷದಿಂದ ಯಾರು ನಿಲ್ಲಬೇಕೆಂದು ತೀರ್ಮಾನಿಸಲು ಸರ್ಕಾರವೇ ನಡೆಸುವ ಪ್ರತ್ಯೇಕ ಚುನಾವಣೆಗೆ ಅಲ್ಲಿ ಪ್ರೈಮರಿ ಎನ್ನುತ್ತಾರೆ.

ಮೊದಲಿನಿಂದಲೂ ಹೀಗಿರಲಿಲ್ಲ. ಪಕ್ಷದ ಮುಖಂಡರು ಕೋಣೆಯಲ್ಲಿ ಕೂತು ಹೆಸರು ಅಖೈರು ಮಾಡುತ್ತಿದ್ದ ಕಾಲ ಅಲ್ಲಿಯೂ ಇತ್ತು. ಗವರ್ನರ್ ರಾಬರ್ಟ್ ಲಾ ಫಾಲೆಟ್ ಅದರ ವಿರುದ್ಧ ಹೋರಾಡಿ, ವಿಸ್ಕಾನ್ಸಿನ್ ರಾಜ್ಯದಲ್ಲಿ 1903ರಲ್ಲಿ ಪ್ರೈಮರಿ ಕಾನೂನು ತರಿಸಿದರು. ಅಧ್ಯಕ್ಷ ಹುದ್ದೆಯ ವಿಷಯದಲ್ಲಿ ಬದಲಾವಣೆ ಇನ್ನೂ ತಡವಾಗಿ ಬಂತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ಪಕ್ಷದ ಸಮಾವೇಶ ನಡೆದ ಶಿಕಾಗೋದ ಬೀದಿಗಳಲ್ಲಿ ಗಲಭೆಯಾಯಿತು, ಪಕ್ಷ ತನ್ನ ನಿಯಮಗಳನ್ನೇ ತಿದ್ದಿಕೊಂಡಿತು. 1972ರಿಂದೀಚೆಗೆ ಅಭ್ಯರ್ಥಿ ಯಾರೆಂದು ಸಾಮಾನ್ಯವಾಗಿ ಹೇಳುವುದು ಮತದಾರರು.

ಐವತ್ತು ರಾಜ್ಯಗಳಿಗೆ ಐವತ್ತು ಬಗೆಯ ನಿಯಮ ಇರುವುದರಿಂದ ಎಲ್ಲವನ್ನೂ ಒಟ್ಟಿಗೆ ಹೇಳಹೊರಟರೆ ಹೊಸಬರಿಗೆ ತಲೆ ಗಿರ್ರೆನ್ನುತ್ತದೆ. ಆದ್ದರಿಂದ ಒಂದು ರಾಜ್ಯವನ್ನು ಹಿಡಿದುಕೊಳ್ಳುತ್ತೇನೆ: ಮಿಶಿಗನ್. ಕಾರು ಉದ್ಯಮದ ಸುತ್ತ ಟ್ರಾಯ್, ನೋವೈ, ಕ್ಯಾಂಟನ್ ಕಡೆ ನೆಲೆಸಿದ ಕನ್ನಡಿಗರು ಅಲ್ಲಿ ಬಹಳ ಮಂದಿ ಇದ್ದಾರೆ. ನಮಗೆ ಹತ್ತಿರದ ಒಂದು ಉದಾಹರಣೆಯೂ ಅಲ್ಲೇ ಸಿಗುತ್ತದೆ.

ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಶಿಗನ್ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಮೂರನೆಯವರಾದರು. 2022ರ ಆಗಸ್ಟ್ 2ರಂದು ಅಮೆರಿಕದ ಸಂಸತ್ತಿನ ಕೆಳಮನೆಗೆ, ಡೆಟ್ರಾಯಿಟ್ ನಗರದ ದೊಡ್ಡ ಭಾಗವನ್ನು ಒಳಗೊಂಡ 13ನೇ ಕ್ಷೇತ್ರದ ಪ್ರೈಮರಿಗೆ ನಿಂತರು. ಮತಪತ್ರದಲ್ಲಿ ಒಂಬತ್ತು ಹೆಸರುಗಳಿದ್ದವು. ಮತ ಹಂಚಿಹೋಗಿ ಥಾಣೇದಾರ್ ಸುಮಾರು ಶೇ 28ರಷ್ಟು ಪಡೆದು ಗೆದ್ದರು. ಮಿಶಿಗನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಎಲ್ಲರಿಗಿಂತ ಮುಂದಿದ್ದರೆ ಸಾಕು. ಆ ಕ್ಷೇತ್ರ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಹಾಗಾಗಿ ನವೆಂಬರ್ ಚುನಾವಣೆಯ ಫಲಿತಾಂಶದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಲಕ್ಷಾಂತರ ಜನರ ಪ್ರತಿನಿಧಿ ಯಾರೆಂಬುದು ಆಗಸ್ಟ್ ತಿಂಗಳ ಒಂದು ಮಂಗಳವಾರ, ಕಾಲು ಭಾಗಕ್ಕಿಂತ ತುಸು ಹೆಚ್ಚು ಮತಗಳಿಂದ ನಿರ್ಧಾರವಾಯಿತು.

ಪ್ರೈಮರಿಯನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅದೇ ವರ್ಷ ನವೆಂಬರ್‌ನಲ್ಲಿ ಮಿಶಿಗನ್‌ನ ಸುಮಾರು 45 ಲಕ್ಷ ಜನ ಮತ ಹಾಕಿದರು. ಆಗಸ್ಟ್‌ನಲ್ಲಿ ಹಾಕಿದವರು ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಪಕ್ಷ ಬಲವಾಗಿರುವ ಕ್ಷೇತ್ರಗಳಲ್ಲಿ ಉಳಿದರ್ಧ ಜನ ನಿಜವಾದ ಚುನಾವಣೆ ಮುಗಿದ ಮೇಲೆ ಬಂದಂತಾಯಿತು.

ಹಂತ 1: ನಿಮಗೆ ಮತದ ಹಕ್ಕು ಇದೆಯೇ ಎಂದು ಖಚಿತಪಡಿಸಿಕೊಳ್ಳಿ

ಅಮೆರಿಕದ ಪೌರತ್ವ ಇದ್ದವರಿಗೆ ಮಾತ್ರ ಮತ. ಗ್ರೀನ್ ಕಾರ್ಡ್ ಇದ್ದರೂ ಇಲ್ಲ, ಎಚ್-1ಬಿ ವೀಸಾದವರಿಗೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೇ ಮತದಾರರ ನೋಂದಣಿಯೂ ನಡೆಯುತ್ತದೆ. ಪೌರರಲ್ಲದವರು ಅಲ್ಲಿ ಕೊಡುವ ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು. ಪೌರನೆಂದು ತಪ್ಪಾಗಿ ಹೇಳಿಕೊಂಡು ನೋಂದಾಯಿಸಿದರೆ, ಮತ ಹಾಕಿದರೆ, ಅದು ಅಪರಾಧ. ಗಡಿಪಾರಿಗೂ ಕಾರಣವಾಗಬಹುದು, ಮುಂದೆ ಪೌರತ್ವ ಸಿಗುವ ದಾರಿಯನ್ನೂ ಮುಚ್ಚಬಹುದು. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ಎಚ್-1ಬಿಯವರು ಅದನ್ನೂ ಕೊಡುವಂತಿಲ್ಲ.

ಪೌರತ್ವ ಸಿಕ್ಕವರು ನೋಂದಣಿ ಮಾಡಿಸಿಕೊಳ್ಳುವುದು ಸುಲಭ. ಆನ್‌ಲೈನ್ ಅಥವಾ ಅಂಚೆಯಲ್ಲಾದರೆ ಚುನಾವಣೆಗೆ 15 ದಿನ ಮುಂಚೆ ಮುಗಿಸಬೇಕು. ಆ ಗಡುವು ದಾಟಿದರೂ ಚಿಂತೆಯಿಲ್ಲ: ವಿಳಾಸದ ದಾಖಲೆ ಹಿಡಿದು ನಿಮ್ಮ ಸಿಟಿ ಅಥವಾ ಟೌನ್‌ಶಿಪ್ ಕ್ಲರ್ಕ್ ಕಚೇರಿಗೆ ಖುದ್ದಾಗಿ ಹೋದರೆ ಮತದಾನದ ದಿನ ರಾತ್ರಿ 8ರವರೆಗೂ ನೋಂದಾಯಿಸುತ್ತಾರೆ. ಈ ಕ್ಲರ್ಕ್ ಎಂಬ ಅಧಿಕಾರಿಯನ್ನು ನೆನಪಿಟ್ಟುಕೊಳ್ಳಿ. ಮಿಶಿಗನ್‌ನಲ್ಲಿ ಚುನಾವಣೆಯ ಬಹುಪಾಲು ಕೆಲಸ ನಡೆಯುವುದು ಊರೂರಿನ ಕ್ಲರ್ಕ್ ಕಚೇರಿಯಿಂದ. ಏನೇ ಅನುಮಾನ ಬಂದರೂ ಮೊದಲು ಕೇಳಬೇಕಾದ್ದು ಅಲ್ಲಿಯೇ.

ಹಂತ 2: ನಿಮ್ಮ ರಾಜ್ಯದ ಪ್ರೈಮರಿ ಯಾವ ಬಗೆಯದೆಂದು ತಿಳಿಯಿರಿ

ಮಿಶಿಗನ್‌ನದು ಮುಕ್ತ ಪ್ರೈಮರಿ. ನೋಂದಣಿಯಲ್ಲಿ ಪಕ್ಷದ ಹೆಸರು ಬರೆಸುವ ಪದ್ಧತಿಯೇ ಇಲ್ಲ. ಆಗಸ್ಟ್‌ನಲ್ಲಿ ಮತಗಟ್ಟೆಗೆ ಹೋದಾಗ ನೀವು ಯಾವ ಪಕ್ಷದವರೆಂದು ಯಾರೂ ಕೇಳುವುದಿಲ್ಲ, ಮರೆಯಲ್ಲಿ ನಿಂತು ನೀವೇ ಆರಿಸಿಕೊಳ್ಳುತ್ತೀರಿ. ಅಧ್ಯಕ್ಷ ಹುದ್ದೆಯ ಪ್ರೈಮರಿ ಮಾತ್ರ ಬೇರೆ. 2024ರಲ್ಲಿ ಅದು ಫೆಬ್ರುವರಿ 27ರಂದು ನಡೆಯಿತು. ಅದರಲ್ಲಿ ಯಾವ ಪಕ್ಷದ ಮತಪತ್ರ ಬೇಕೆಂದು ಬರೆದುಕೊಡಬೇಕು, ಆ ಆಯ್ಕೆ ದಾಖಲೆಯಲ್ಲಿ ಉಳಿಯುತ್ತದೆ.

ಬೇರೆ ರಾಜ್ಯಗಳಲ್ಲಿರುವ ಓದುಗರಿಗೆ ಎರಡು ಮಾತು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲೋರಿಡಾಗಳಲ್ಲಿ ಪಕ್ಷದ ಹೆಸರಿನಲ್ಲಿ ಮೊದಲೇ ನೋಂದಾಯಿಸದಿದ್ದರೆ ಆ ಪಕ್ಷದ ಪ್ರೈಮರಿಯಲ್ಲಿ ಜಾಗವಿಲ್ಲ. ಅದರಲ್ಲೂ ನ್ಯೂಯಾರ್ಕಿನಲ್ಲಿ, ಬೇರೆ ಪಕ್ಷದಲ್ಲಿ ನೋಂದಾಯಿಸಿದವರು ಬದಲಾಯಿಸಬೇಕೆಂದರೆ ಜೂನ್ ಪ್ರೈಮರಿಗೆ ಫೆಬ್ರುವರಿ 14ಕ್ಕೇ ಗಡುವು. ಟೆಕ್ಸಾಸ್‌ನಲ್ಲಿ ಪಕ್ಷದ ನೋಂದಣಿ ಇಲ್ಲ, ಆದರೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಮೇ ತಿಂಗಳಲ್ಲಿ ಮತ್ತೊಂದು ಸುತ್ತು ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ, ಪಕ್ಷ ಯಾವುದೇ ಇರಲಿ ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. 2024ರ ಪ್ರೈಮರಿಯಲ್ಲಿ ಸಿಲಿಕಾನ್ ವ್ಯಾಲಿಯ 16ನೇ ಕ್ಷೇತ್ರದಲ್ಲಿ ಎರಡನೇ ಸ್ಥಾನಕ್ಕೆ ಇಬ್ಬರಿಗೆ ಸರಿಸಮನಾಗಿ 30,249 ಮತ ಬಿದ್ದವು. ಮರುಎಣಿಕೆಯಲ್ಲಿ ಅವರಲ್ಲೊಬ್ಬರಾದ ಇವಾನ್ ಲೋ ಐದೇ ಐದು ಮತಗಳಿಂದ ಮುಂದೆ ಬಂದರು. ಅಲ್ಲಿ ಕನ್ನಡ ಮಾತಾಡುವ ಮನೆಗಳೆಷ್ಟಿವೆ ಎಂದು ಯೋಚಿಸಿದರೆ, ಒಂದು ಮನೆಯ ಐದು ಮತ ಎಂಥ ದೊಡ್ಡದೆಂದು ಗೊತ್ತಾಗುತ್ತದೆ.

ಹಂತ 3: ಮಾದರಿ ಮತಪತ್ರವನ್ನು ಮನೆಯಲ್ಲೇ ತೆರೆದು ನೋಡಿ

ಮಿಶಿಗನ್ ವೋಟರ್ ಇನ್ಫರ್ಮೇಶನ್ ಸೆಂಟರ್ ಎಂಬ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ವಿವರ ಕೊಟ್ಟರೆ, ನಿಮ್ಮ ವಿಳಾಸಕ್ಕೇ ಹೊಂದುವ ಮತಪತ್ರದ ಮಾದರಿ ಸಿಗುತ್ತದೆ. ಮುದ್ರಿಸಿಕೊಂಡು ಊಟದ ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಕೂರಿ. ಊರಿನ ಇವಿಎಂ ನೋಡಿ ಅಭ್ಯಾಸವಾದವರಿಗೆ ಈ ಹಾಳೆ ಗಾಬರಿ ಹುಟ್ಟಿಸುವಷ್ಟು ಉದ್ದ ಇರುತ್ತದೆ. ಪಕ್ಷದ ಚಿಹ್ನೆ ಇಲ್ಲ, ಅಭ್ಯರ್ಥಿಯ ಫೋಟೊ ಇಲ್ಲ, ನೋಟಾ ಇಲ್ಲ. ಬರೀ ಹುದ್ದೆ, ಹೆಸರು, ಪಕ್ಕದಲ್ಲಿ ತುಂಬಬೇಕಾದ ಅಂಡಾಕಾರದ ಗುರುತು.

ಹಾಳೆಯಲ್ಲಿ ಮೂರು ಭಾಗಗಳನ್ನು ಗುರುತಿಸಿ. ಮೊದಲನೆಯದು ಪಕ್ಷಗಳ ಭಾಗ: ಡೆಮಾಕ್ರಟಿಕ್ ಒಂದು ಕಾಲಂ, ರಿಪಬ್ಲಿಕನ್ ಇನ್ನೊಂದು. ಗವರ್ನರ್ ಚುನಾವಣೆಯ ವರ್ಷವಾದರೆ ಮೇಲೆ ಗವರ್ನರ್, ಕೆಳಗೆ ಸಂಸತ್ತು, ರಾಜ್ಯ ಶಾಸನಸಭೆ, ಕೌಂಟಿ ಕಮಿಷನರ್ ಹೀಗೆ ಇಳಿದು ಬರುತ್ತದೆ. ಕಾಲಂನ ಕೊನೆಯಲ್ಲಿ ಪ್ರಿಸಿಂಕ್ಟ್ ಡೆಲಿಗೇಟ್ ಎಂದಿರುತ್ತದೆ. ಅದು ನಿಮ್ಮ ಬಡಾವಣೆಯಿಂದ ಪಕ್ಷದ ಸಮಾವೇಶಕ್ಕೆ ಹೋಗುವವರ ಸ್ಥಾನ. ಬಹಳ ಕಡೆ ಸ್ಪರ್ಧೆಯೇ ಇರುವುದಿಲ್ಲ, ಕೆಲವು ಕಡೆ ಹೆಸರೇ ಇರುವುದಿಲ್ಲ. ರಾಜಕೀಯದಲ್ಲಿ ಕಾಲಿಡಬೇಕೆಂಬ ಕನ್ನಡಿಗರಿಗೆ ಇದಕ್ಕಿಂತ ಸುಲಭದ ಮೆಟ್ಟಿಲು ಕಾಣೆ.

ಎರಡನೆಯದು ಪಕ್ಷರಹಿತ ಭಾಗ: ನ್ಯಾಯಾಧೀಶರು, ಕೆಲವು ನಗರಗಳ ಸ್ಥಾನಗಳು. ಹಾಲಿ ನ್ಯಾಯಾಧೀಶರಾದರೆ ಹೆಸರಿನ ಜೊತೆ ಆ ಹುದ್ದೆಯೂ ಅಚ್ಚಾಗಿರುತ್ತದೆ. ಮೂರನೆಯದು ಪ್ರಸ್ತಾವಗಳು. ಗ್ರಂಥಾಲಯಕ್ಕೋ ಅಗ್ನಿಶಾಮಕ ದಳಕ್ಕೋ ಉದ್ಯಾನಕ್ಕೋ ಇಂತಿಷ್ಟು ಆಸ್ತಿ ತೆರಿಗೆ ಹಾಕಬಹುದೇ ಎಂದು ಕೇಳಿರುತ್ತಾರೆ. ತೆರಿಗೆಯ ಲೆಕ್ಕ 'ಮಿಲ್' ಎಂಬ ಅಳತೆಯಲ್ಲಿ ಇರುತ್ತದೆ. ಒಂದು ಮಿಲ್ ಎಂದರೆ ತೆರಿಗೆ ಮೌಲ್ಯದ ಪ್ರತಿ 1,000 ಡಾಲರಿಗೆ 1 ಡಾಲರ್. ನಿಮ್ಮ ಮನೆಯ ತೆರಿಗೆ ಮೌಲ್ಯ 2,00,000 ಡಾಲರ್ ಇದ್ದರೆ, ಒಂದು ಮಿಲ್‌ಗೆ ವರ್ಷಕ್ಕೆ 200 ಡಾಲರ್. ಹೌದು ಅಥವಾ ಇಲ್ಲ ಎನ್ನುವ ಮುಂಚೆ ಈ ಗುಣಾಕಾರ ಮಾಡಿಕೊಳ್ಳಿ, ಆ ದುಡ್ಡಿನಿಂದ ಏನು ನಡೆಯುತ್ತದೆಂಬುದನ್ನೂ ಓದಿಕೊಳ್ಳಿ.

ಹೆಸರುಗಳ ಕ್ರಮಕ್ಕೆ ಯಾವ ಅರ್ಥವೂ ಇಲ್ಲ. ಮೊದಲು ಅಚ್ಚಾದವರಿಗೆ ಲಾಭವಾಗದಿರಲೆಂದು ಒಂದು ಮತಗಟ್ಟೆಯಿಂದ ಇನ್ನೊಂದಕ್ಕೆ ಕ್ರಮವನ್ನು ತಿರುಗಿಸುತ್ತಾರೆ. ಹಾಗಾಗಿ 'ಮೇಲಿನಿಂದ ಮೂರನೆಯವರಿಗೆ ಹಾಕಿ' ಎಂದು ಗೆಳೆಯರಿಗೆ ಹೇಳಿಕಳಿಸಬೇಡಿ.

ಹಂತ 4: ಆ ಹೆಸರುಗಳು ಅಲ್ಲಿಗೆ ಹೇಗೆ ಬಂದವು ಎಂದು ಅರ್ಥಮಾಡಿಕೊಳ್ಳಿ

ಪಕ್ಷದ ಬಿ ಫಾರಂ ಇಲ್ಲವೆಂದ ಮೇಲೆ ಯಾರು ಬೇಕಾದರೂ ನಿಲ್ಲಬಹುದಲ್ಲ ಎಂದು ಕೇಳುತ್ತೀರಿ. ಹೆಚ್ಚುಕಮ್ಮಿ ಹೌದು, ಆದರೆ ಜನರ ಸಹಿ ತರಬೇಕು. ರಾಜ್ಯದ ಕೆಳಮನೆಗೆ 200 ಸಹಿ ಅಥವಾ 100 ಡಾಲರ್ ಶುಲ್ಕ ಸಾಕು. ಅಮೆರಿಕದ ಸಂಸತ್ತಿನ ಕೆಳಮನೆಗೆ ಶುಲ್ಕದ ದಾರಿ ಇಲ್ಲ. ಕನಿಷ್ಠ 1,000 ಸಿಂಧುವಾದ ಸಹಿ ಬೇಕೇ ಬೇಕು. ಗವರ್ನರ್ ಹುದ್ದೆಗೆ 15,000.

ಅಂಗಡಿ ಮುಂದೆ, ಜಾತ್ರೆಯಂಥ ಕೂಟಗಳಲ್ಲಿ ಹಲಗೆ ಹಿಡಿದು ನಿಂತು ನಿಮ್ಮ ಸಹಿ ಕೇಳುವವರು ಈ ಕೆಲಸದಲ್ಲಿರುವವರು. ದೊಡ್ಡ ದೊಡ್ಡವರೇ ಇದರಲ್ಲಿ ಎಡವಿದ್ದಾರೆ. 2022ರಲ್ಲಿ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಪಕ್ಷದಿಂದ ಹತ್ತು ಮಂದಿ ಅರ್ಜಿ ಹಾಕಿದ್ದರು. ಸಹಿಗಳನ್ನು ಪರಿಶೀಲಿಸಿದಾಗ, ಹಣ ಪಡೆದು ಸಹಿ ಸಂಗ್ರಹಿಸುವ 36 ಮಂದಿ ಬೇರೆ ಬೇರೆ ಅಭ್ಯರ್ಥಿಗಳ ಅರ್ಜಿಗಳಲ್ಲಿ ಕನಿಷ್ಠ 68,000 ಅಸಿಂಧು ಸಹಿ ತುಂಬಿಸಿದ್ದಾರೆಂದು ಚುನಾವಣಾ ವಿಭಾಗ ವರದಿ ಕೊಟ್ಟಿತು. ಐವರ ಹೆಸರು ಮತಪತ್ರ ಸೇರಲಿಲ್ಲ. ಡೆಟ್ರಾಯಿಟ್‌ನ ಮಾಜಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ಕ್ರೇಗ್ ಅವರಲ್ಲೊಬ್ಬರು. 2024ರಲ್ಲಿ ಥಾಣೇದಾರ್ ಅವರ ಎದುರು ನಿಲ್ಲಲು ಬಂದ ಆಡಮ್ ಹೋಲಿಯರ್ ಅವರ ಅರ್ಜಿಯಲ್ಲಿ 1,000 ಬೇಕಿದ್ದ ಕಡೆ ಸಿಂಧುವಾದದ್ದು 863 ಸಹಿ ಮಾತ್ರ. ಪ್ರಬಲ ಎದುರಾಳಿಯೊಬ್ಬರು ಮತದಾನಕ್ಕೆ ಎರಡು ತಿಂಗಳಿಗೂ ಮೊದಲೇ ಕಣದಿಂದ ಹೊರಗಾದರು.

ಎಲ್ಲಕ್ಕಿಂತ ವಿಚಿತ್ರವಾದದ್ದು 2013ರ ಡೆಟ್ರಾಯಿಟ್ ಮೇಯರ್ ಪ್ರೈಮರಿ. ಮೈಕ್ ಡಗ್ಗನ್ ಹಿಂದಿನ ವರ್ಷವಷ್ಟೇ ನಗರಕ್ಕೆ ಬಂದು ನೆಲೆಸಿದ್ದರು. ಅರ್ಜಿ ಹಾಕುವ ಹೊತ್ತಿಗೆ ನಗರದಲ್ಲಿ ಮತದಾರರಾಗಿ ಒಂದು ವರ್ಷ ತುಂಬಿರಬೇಕೆಂದು ನಿಯಮ. ಕೊನೆಯ ದಿನದವರೆಗೆ ಕಾದಿದ್ದರೆ ತುಂಬುತ್ತಿತ್ತು. ಅವರು ಏಪ್ರಿಲ್ 2ರಂದೇ ಅರ್ಜಿ ಕೊಟ್ಟರು, ಎರಡು ವಾರ ಕಡಿಮೆಬಿತ್ತು. ನ್ಯಾಯಾಲಯ ಅವರ ಹೆಸರನ್ನು ತೆಗೆಸಿತು. ಆಗ ಅವರು ರೈಟ್-ಇನ್ ಅಭ್ಯರ್ಥಿಯಾದರು. ಎಂದರೆ ಮತದಾರರು ಖಾಲಿ ಗೆರೆಯ ಮೇಲೆ ಅವರ ಹೆಸರನ್ನು ಕೈಯಲ್ಲೇ ಬರೆಯಬೇಕು. ಅಷ್ಟರಲ್ಲಿ ಹೆಚ್ಚುಕಮ್ಮಿ ಅದೇ ಉಚ್ಚಾರದ ಹೆಸರಿನ ಒಬ್ಬ ಕ್ಷೌರಿಕರು ಕೂಡ ರೈಟ್-ಇನ್ ಆಗಿ ನೋಂದಾಯಿಸಿಕೊಂಡರು. ಇಷ್ಟೆಲ್ಲ ಆದರೂ ಜನ ಕಾಗುಣಿತ ಕಲಿತು ಬರೆದರು. ಡಗ್ಗನ್ ಎಲ್ಲರಿಗಿಂತ ಮುಂದೆ ಬಂದು, ನವೆಂಬರ್‌ನಲ್ಲಿ ಮೇಯರ್ ಆದರು. ಆದರೆ ನಿಮಗೆ ತೋಚಿದ ಹೆಸರನ್ನೆಲ್ಲ ಬರೆದರೆ ಎಣಿಕೆಗೆ ಬರುವುದಿಲ್ಲ. ರೈಟ್-ಇನ್ ಆಗುವವರು ಮೊದಲೇ ಘೋಷಣಾ ಪತ್ರ ಸಲ್ಲಿಸಿರಬೇಕು.

ಹಂತ 5: ಯಾರ ಹೆಸರು ಇಲ್ಲ ಎಂಬುದನ್ನೂ ನೋಡಿ

ಆಗಸ್ಟ್ ಹಾಳೆಯಲ್ಲಿ ಅಟಾರ್ನಿ ಜನರಲ್, ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಗಳನ್ನು ಹುಡುಕಿದರೆ ಸಿಗುವುದಿಲ್ಲ. ಮಿಶಿಗನ್‌ನಲ್ಲಿ ಆ ಎರಡಕ್ಕೂ, ಲೆಫ್ಟಿನೆಂಟ್ ಗವರ್ನರ್, ರಾಜ್ಯ ಸುಪ್ರೀಂ ಕೋರ್ಟ್, ಮಿಶಿಗನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೂ ಅಭ್ಯರ್ಥಿಗಳನ್ನು ಪಕ್ಷಗಳು ಸಮಾವೇಶದಲ್ಲಿ ಆರಿಸುತ್ತವೆ. ಅಲ್ಲಿ ಮಾತು ನಡೆಯಬೇಕೆಂದರೆ ಪ್ರಿಸಿಂಕ್ಟ್ ಡೆಲಿಗೇಟ್ ಆಗಿಯೋ ಪಕ್ಷದ ಸದಸ್ಯರಾಗಿಯೋ ಒಳಗೆ ಹೋಗಬೇಕು. ಪಕ್ಷೇತರರೂ ಪ್ರೈಮರಿಯಲ್ಲಿ ಇರುವುದಿಲ್ಲ. ಸಹಿ ಸಂಗ್ರಹಿಸಿ ನೇರವಾಗಿ ನವೆಂಬರ್‌ಗೆ ಬರುತ್ತಾರೆ.

ಹಂತ 6: ಒಂದೇ ಕಾಲಂ, ಇದನ್ನು ಮರೆಯಬೇಡಿ

ಮೊದಲ ಸಲದವರ ಮತ ಹಾಳಾಗುವುದು ಇಲ್ಲೇ. ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಕಾಲಂನ ಒಬ್ಬರು, ಸಂಸತ್ತಿಗೆ ಡೆಮಾಕ್ರಟಿಕ್ ಕಾಲಂನ ಒಬ್ಬರು ಇಷ್ಟವೆಂದು ಎರಡೂ ಕಡೆ ಗುರುತು ತುಂಬಿದರೆ, ಪಕ್ಷಗಳ ಭಾಗದಲ್ಲಿ ನೀವು ಹಾಕಿದ ಎಲ್ಲ ಮತಗಳೂ ಅಸಿಂಧು. ನ್ಯಾಯಾಧೀಶರ ಭಾಗ, ಪ್ರಸ್ತಾವಗಳ ಭಾಗ ಮಾತ್ರ ಉಳಿಯುತ್ತವೆ. ನವೆಂಬರ್‌ನಲ್ಲಿ ಹೇಗೆ ಬೇಕಾದರೂ ಬೆರೆಸಬಹುದು. ಆಗಸ್ಟ್‌ನಲ್ಲಿ ಒಂದು ಪಕ್ಷದ ಕಾಲಂ ಹಿಡಿದರೆ ಅದರಲ್ಲೇ ಮೇಲಿಂದ ಕೆಳಗೆ ಇಳಿಯಬೇಕು.

ಯಾವ ಕಾಲಂ ಎಂದು ತೀರ್ಮಾನಿಸಲು ಹೀಗೆ ಯೋಚಿಸಿ: ನಿಮ್ಮ ಊರಿನಲ್ಲಿ ನಿಜವಾದ ಪೈಪೋಟಿ ಎಲ್ಲಿದೆ? ಒಂದು ಕಾಲಂನಲ್ಲಿ ಪ್ರತಿ ಹುದ್ದೆಗೂ ಒಬ್ಬೊಬ್ಬರೇ ಇದ್ದು ಇನ್ನೊಂದರಲ್ಲಿ ಐದಾರು ಮಂದಿ ಇದ್ದರೆ, ನಿಮ್ಮ ಮತಕ್ಕೆ ಬೆಲೆ ಇರುವುದು ಎರಡನೆಯದರಲ್ಲಿ. ಎದುರು ಪಕ್ಷದ ದುರ್ಬಲ ಅಭ್ಯರ್ಥಿಯನ್ನು ಗೆಲ್ಲಿಸಿ ನವೆಂಬರ್‌ನಲ್ಲಿ ಸೋಲಿಸೋಣ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಕಾನೂನು ಅದನ್ನು ತಡೆಯುವುದಿಲ್ಲ. ನಾನು ಮಾತ್ರ ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ: ಗೆದ್ದುಬಿಟ್ಟರೆ ನಮ್ಮ ಶಾಲೆ, ನಮ್ಮ ರಸ್ತೆ ಅವರ ಕೈಗೇ ಹೋಗುತ್ತದೆ. ಯಾರು ಅಧಿಕಾರದಲ್ಲಿದ್ದರೆ ಒಳ್ಳೆಯದೆಂದು ನಿಮಗನಿಸುತ್ತದೋ ಅವರಿಗೇ ಹಾಕಿ.

ಎಲ್ಲ ಹುದ್ದೆಗೂ ಹಾಕಲೇಬೇಕೆಂದಿಲ್ಲ. ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟರೆ ಉಳಿದ ಮತಗಳಿಗೆ ಏನೂ ಆಗುವುದಿಲ್ಲ. ಒಬ್ಬರನ್ನು ಆರಿಸಬೇಕಾದ ಕಡೆ ಇಬ್ಬರಿಗೆ ಹಾಕಿದರೆ ಆ ಒಂದು ಹುದ್ದೆಯ ಮತ ಮಾತ್ರ ಹೋಗುತ್ತದೆ.

ಹಂತ 7: ಅಭ್ಯರ್ಥಿಗಳನ್ನು ತೂಗಿ ನೋಡಿ

ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರಾದ್ದರಿಂದ ಪಕ್ಷದ ಹೆಸರು ನೋಡಿ ಹಾಕುವ ದಾರಿ ಇಲ್ಲ. 1920ರಲ್ಲಿ ಹುಟ್ಟಿದ ಲೀಗ್ ಆಫ್ ವಿಮೆನ್ ವೋಟರ್ಸ್ ಸಂಸ್ಥೆ ಅಭ್ಯರ್ಥಿಗಳಿಗೆಲ್ಲ ಒಂದೇ ಪ್ರಶ್ನೆಗಳನ್ನು ಕಳಿಸಿ, ಅವರ ಉತ್ತರವನ್ನು ಅವರದೇ ಮಾತಿನಲ್ಲಿ ವೋಟ್411 ತಾಣದಲ್ಲಿ ಹಾಕುತ್ತದೆ. ಉತ್ತರವನ್ನೇ ಕೊಡದವರ ಬಗ್ಗೆಯೂ ಅಲ್ಲಿ ಒಂದು ವಿಷಯ ತಿಳಿಯುತ್ತದೆ. ಸಂಸತ್ತಿಗೆ ನಿಂತವರಿಗೆ ಯಾರು ಎಷ್ಟು ದುಡ್ಡು ಕೊಟ್ಟರೆಂಬುದು ಫೆಡರಲ್ ಚುನಾವಣಾ ಆಯೋಗದ ತಾಣದಲ್ಲಿ ತೆರೆದೇ ಇರುತ್ತದೆ. ಅಂಚೆಪೆಟ್ಟಿಗೆ ತುಂಬ ಬರುವ ಬಣ್ಣದ ಕಾರ್ಡುಗಳಲ್ಲಿ ಮೂಲೆಯ ಸಣ್ಣಕ್ಷರ ಮೊದಲು ಓದಿ; ಆ ಕಾರ್ಡಿಗೆ ಹಣ ಕೊಟ್ಟವರು ಯಾರೆಂದು ಅಲ್ಲಿ ಬರೆದಿರಲೇಬೇಕು.

ನಮ್ಮ ಕಡೆಯವರೆಂಬ ಅಭಿಮಾನದ ಬಗ್ಗೆ ಒಂದು ಮಾತು. ಬೆಳಗಾವಿಯವರೊಬ್ಬರ ಹೆಸರು ಡೆಟ್ರಾಯಿಟ್ ಮತಪತ್ರದಲ್ಲಿ ಕಂಡರೆ ಸಂತೋಷವಾಗುವುದು ಸಹಜ, ಆಗಬೇಕಾದದ್ದೇ. ಆದರೂ ಉಳಿದವರಿಗೆ ಕೇಳುವ ಪ್ರಶ್ನೆಗಳನ್ನೇ ಅವರಿಗೂ ಕೇಳಿ: ಹಿಂದಿನ ಅವಧಿಯಲ್ಲಿ ಏನು ಮಾಡಿದರು, ಕ್ಷೇತ್ರದಲ್ಲಿ ಎಷ್ಟು ಸಿಗುತ್ತಾರೆ?

ಹಂತ 8: ಮತ ಹಾಕಿ, ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ

ಮೂರು ದಾರಿಗಳಿವೆ. ಮತದಾನದ ದಿನ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಮತಗಟ್ಟೆ. 8ಕ್ಕೆ ಸಾಲಿನಲ್ಲಿದ್ದರೆ ಸಾಕು. 2022ರಲ್ಲಿ ಜನರೇ ಒಪ್ಪಿದ ತಿದ್ದುಪಡಿಯಿಂದಾಗಿ ರಾಜ್ಯಮಟ್ಟದ ಚುನಾವಣೆಗಳಿಗೆ ಕನಿಷ್ಠ ಒಂಬತ್ತು ದಿನ ಮುಂಗಡ ಮತದಾನವೂ ಇದೆ. ಮೂರನೆಯದು ಮನೆಗೆ ಬರುವ ಮತಪತ್ರ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ, ಕ್ಲರ್ಕ್‌ಗೆ ಅರ್ಜಿ ಕೊಟ್ಟರೆ ಸಾಕು.

ಮತಗಟ್ಟೆಯಲ್ಲಾದರೆ ಎರಡೂ ಕಾಲಂನಲ್ಲಿ ಗುರುತು ಹಾಕಿದ ಹಾಳೆಯನ್ನು ಯಂತ್ರಕ್ಕೆ ಕೊಟ್ಟಾಗ ಅದು ಎಚ್ಚರಿಸುತ್ತದೆ, ಹೊಸ ಹಾಳೆ ಕೇಳಬಹುದು. ಮನೆಯಿಂದ ಕಳಿಸಿದ ಹಾಳೆಗೆ ಆ ಅವಕಾಶವಿಲ್ಲ, ಆದ್ದರಿಂದ ಲಕೋಟೆ ಅಂಟಿಸುವ ಮುಂಚೆ ಇನ್ನೊಮ್ಮೆ ನೋಡಿ. ಲಕೋಟೆಯ ಮೇಲಿನ ಸಹಿಯನ್ನು ಕಡತದಲ್ಲಿರುವ ಸಹಿಯೊಂದಿಗೆ ಹೋಲಿಸುತ್ತಾರೆ. ಊರಿನ ಬ್ಯಾಂಕಿಗೆ ಕನ್ನಡದಲ್ಲಿ, ಅಮೆರಿಕದ ಲೈಸೆನ್ಸಿಗೆ ಇಂಗ್ಲಿಷಿನಲ್ಲಿ ಸಹಿ ಹಾಕುವ ಹಿರಿಯರಿಗೆ ಇದನ್ನು ಮುಖ್ಯವಾಗಿ ಹೇಳಿ: ಲೈಸೆನ್ಸಿನಲ್ಲಿರುವ ಸಹಿಯೇ ಬೇಕು. ಲಕೋಟೆ ಮತದಾನದ ದಿನ ರಾತ್ರಿ 8ರೊಳಗೆ ಕ್ಲರ್ಕ್ ಕೈ ಸೇರಿರಬೇಕು. ಅಂದು ಅಂಚೆಗೆ ಹಾಕಿದರೆ ಸಾಲದು. ಕೊನೆಯ ವಾರವಾದರೆ ಅಂಚೆ ಬಿಟ್ಟು ಊರಿನ ಡ್ರಾಪ್ ಬಾಕ್ಸಿಗೇ ಹಾಕಿ.

ಪೌರತ್ವ ಪಡೆದಿದ್ದೂ ಇಂಗ್ಲಿಷ್ ಓದಲು ಕಷ್ಟಪಡುವ ತಂದೆತಾಯಿಗಳು ಮನೆಯಲ್ಲಿದ್ದರೆ, ಅವರಿಗೊಂದು ಹಕ್ಕು ಇದೆ. ಮತದಾನ ಹಕ್ಕು ಕಾಯ್ದೆಯ 208ನೇ ಕಲಮಿನ ಪ್ರಕಾರ, ಓದಲು ಬರೆಯಲು ಆಗದ ಮತದಾರರು ತಮಗೆ ಬೇಕಾದವರನ್ನು ಜೊತೆಗೆ ಕರೆದೊಯ್ಯಬಹುದು. ಕೆಲಸ ಕೊಟ್ಟ ಮಾಲೀಕರು, ಅವರ ಕಡೆಯವರು, ಕಾರ್ಮಿಕ ಸಂಘದ ಪದಾಧಿಕಾರಿಗಳು ಮಾತ್ರ ಆಗದು. 2014ರಲ್ಲಿ ಟೆಕ್ಸಾಸ್‌ನ ವಿಲಿಯಮ್ಸನ್ ಕೌಂಟಿಯಲ್ಲಿ ಬಂಗಾಳಿ ಮಾತಾಡುವ ತಾಯಿಯೊಬ್ಬರು ಅನುವಾದಕ್ಕೆ ಮಗನನ್ನು ಕರೆತಂದಿದ್ದರು. ಮಗ ಪಕ್ಕದ ಕೌಂಟಿಯ ಮತದಾರನೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಗಿ, ರಾಜ್ಯದ ಆ ನಿರ್ಬಂಧ ಫೆಡರಲ್ ಕಾಯ್ದೆಗೆ ವಿರುದ್ಧವೆಂದು ಮೇಲ್ಮನವಿ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿತು. ಆ ತಾಯಿ ಆ ತೀರ್ಪು ಬರುವವರೆಗೆ ಬದುಕಿರಲಿಲ್ಲ. ಅವರು ಗಳಿಸಿಕೊಟ್ಟದ್ದನ್ನು ನಮ್ಮ ಅಮ್ಮಂದಿರು ಧೈರ್ಯವಾಗಿ ಬಳಸಬೇಕು. ಮತಗಟ್ಟೆಯಲ್ಲಿ ಕೇಳುವ ಒಂದೆರಡು ಪ್ರಶ್ನೆಗೆ ಉತ್ತರಿಸಿ, ಹುದ್ದೆಗಳನ್ನೂ ಹೆಸರುಗಳನ್ನೂ ಕನ್ನಡದಲ್ಲಿ ಓದಿ ಹೇಳಿ, ಅವರು ಹೇಳಿದ್ದನ್ನೇ ಗುರುತಿಸಿ. ಆಯ್ಕೆ ಅವರದು, ಅಲ್ಲಿ ನಿಮ್ಮ ಅಭಿಪ್ರಾಯ ಹೇಳುವಂತಿಲ್ಲ.

ಹಂತ 9: ಮತ ಹಾಕಿದ ಮೇಲೆ

ಅಂಚೆಯಲ್ಲಿ ಕಳಿಸಿದ ಮತಪತ್ರ ತಲುಪಿತೇ ಎಂದು ವೋಟರ್ ಇನ್ಫರ್ಮೇಶನ್ ಸೆಂಟರ್‌ನಲ್ಲೇ ನೋಡಬಹುದು. ಅಂದಿನ ರಾತ್ರಿ ಬರುವ ಅಂಕಿ ಅಧಿಕೃತವಲ್ಲ. ಎರಡೂ ಪಕ್ಷಗಳ ಇಬ್ಬಿಬ್ಬರಿರುವ ಕೌಂಟಿ ಮಂಡಳಿ ಪರಿಶೀಲಿಸಿ ಸಹಿ ಹಾಕಬೇಕು. ಪ್ರೈಮರಿಯಲ್ಲಿ ಸೋತವರು ಮುನಿಸಿಕೊಂಡು ಅದೇ ವರ್ಷ ಪಕ್ಷೇತರರಾಗಿ ನಿಲ್ಲುವುದು ನಮ್ಮಲ್ಲಿ ಮಾಮೂಲಿ, ಮಿಶಿಗನ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಗ್ಯಾರಿ ಜಾನ್ಸನ್ 2012ರ ಅಧ್ಯಕ್ಷ ಹುದ್ದೆಯ ರಿಪಬ್ಲಿಕನ್ ಪ್ರೈಮರಿಯಿಂದ ಹಿಂದೆ ಸರಿಯುವ ಪತ್ರವನ್ನು ಗಡುವು ಮುಗಿದು ಮೂರು ನಿಮಿಷಕ್ಕೆ ಕೊಟ್ಟರು. ಅಷ್ಟಕ್ಕೇ ನವೆಂಬರ್‌ನಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಹುದ್ದೆಗೆ ಅವರ ಹೆಸರು ಆ ರಾಜ್ಯದ ಮತಪತ್ರದಲ್ಲಿ ಬರಲಿಲ್ಲ.

ನವೆಂಬರ್‌ಗೆ ಹೊಸ ಮಾದರಿ ಮತಪತ್ರ ತೆಗೆದು ಮತ್ತೆ ಓದಬೇಕು, ಏಕೆಂದರೆ ಸಮಾವೇಶದಲ್ಲಿ ಆಯ್ಕೆಯಾದವರು, ಪಕ್ಷೇತರರು, ಸಣ್ಣ ಪಕ್ಷದವರು ಎಲ್ಲ ಆಗ ಸೇರಿಕೊಂಡಿರುತ್ತಾರೆ. ಮೇಲ್ಭಾಗದಲ್ಲಿ ಒಂದೇ ಗುರುತಿನಿಂದ ಇಡೀ ಪಕ್ಷಕ್ಕೆ ಮತ ಹಾಕುವ ಅವಕಾಶವೂ ಇರುತ್ತದೆ. ಅದನ್ನು ಬಳಸಿದರೂ ನ್ಯಾಯಾಧೀಶರು, ಶಾಲಾ ಮಂಡಳಿ, ಪ್ರಸ್ತಾವಗಳು ಅದರಲ್ಲಿ ಸೇರುವುದಿಲ್ಲ. ಹಾಳೆ ತಿರುಗಿಸಿ ಹಿಂಭಾಗವನ್ನೂ ತುಂಬಿ.